ಮೂರು ಕೋಲು, ಒಂಬತ್ತು ದಾರ
ನಾಲ್ಕನೆಯ ಪ್ರಯತ್ನದಲ್ಲಿ ನನ್ನ ಟೆನ್ಸೆಗ್ರಿಟಿ ಮಾದರಿ ಕೊನೆಗೂ ನಿಂತಿತು! ಅಂದರೆ, ದಾರಗಳ ಬಿಗಿತದಿಂದಲೇ ಕೋಲುಗಳು ನಿಲ್ಲುವ ರಚನೆ. ಮೂರು ಕೋಲು, ಒಂಬತ್ತು ದಾರ. ಕೋಲುಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಎಂಟು ದಾರ ಕಟ್ಟುವವರೆಗೂ ಕೈಯಲ್ಲಿದ್ದದ್ದು ಬರೀ ಗೋಜಲು. ಒಂಬತ್ತನೆಯದನ್ನು ಬಿಗಿದೊಡನೆ ಎಲ್ಲವೂ ಸೆಟೆದು ನಿಂತವು. ಕೋಲುಗಳ ಮೇಲ್ತುದಿಗಳನ್ನು ಸೇರಿಸುವ ದಾರದ ತ್ರಿಕೋನ ಕೆಳಗಿನದಕ್ಕಿಂತ ಸುಮಾರು 30 ಡಿಗ್ರಿ ತಿರುಚಿಕೊಂಡಿತು. ಆ ಕೋನವನ್ನು ನಾನು ಆರಿಸಲಿಲ್ಲ. ಎಳೆತವೂ ಒತ್ತಡವೂ ತಮ್ಮತಮ್ಮಲ್ಲೇ ಮಾತಾಡಿಕೊಂಡು ತೀರ್ಮಾನಿಸಿದವು. ಗಟ್ಟಿ ಎಂದರೆ ಒಂದರ ಮೇಲೊಂದು ಭಾರ ಹೇರುವುದು ಎಂದುಕೊಂಡಿದ್ದವನು ನಾನು. (ಮೊದಲ ಮೂರು ಸೋಲಿಗೆ ಕಾರಣ ಜಾರುವ ನೈಲಾನ್ ಗಂಟು, ತತ್ವಜ್ಞಾನವಲ್ಲ.) ಅಮೆರಿಕದ ಶಿಲ್ಪಿ ಕೆನೆತ್ ಸ್ನೆಲ್ಸನ್ 1968ರಲ್ಲಿ ಇದೇ ತತ್ವದ ಮೇಲೆ ಅಲ್ಯೂಮಿನಿಯಂ ಕೊಳವೆ, ಉಕ್ಕಿನ ತಂತಿಗಳಿಂದ ಸುಮಾರು 18 ಮೀಟರ್ ಎತ್ತರದ 'ನೀಡಲ್ ಟವರ್' ಶಿಲ್ಪವನ್ನು ನಿಲ್ಲಿಸಿದರು. ನನ್ನದು ಒಂದು ಗೇಣು. ಒಂದು ದಾರ ಮೀಟಿದರೆ ಉಳಿದ ಎಂಟೂ ನಡುಗುತ್ತವೆ. ಸಂಜೆಯಿಂದ ಅದನ್ನೇ ಮೀಟುತ್ತ ಕುಳಿತಿದ್ದೇನೆ.