ಮೂವತ್ತು ದಿನದ ಚೀಟಿ

ಕಳೆದ ಆಷಾಢದ ಒಂದು ಬೆಳಗ್ಗೆ, ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜು ಜೋರಾಗಿ ನಡೆಯುತ್ತಿದ್ದಾಗ, ನನ್ನ ಎಡಗಾಲಿನ ಚಪ್ಪಲಿ ಕಳಚಿ ಎಲ್ಲೋ ಹಿಂದೆ ಉಳಿದಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಹಮಾಲಿ ಹುಡುಗನೊಬ್ಬ ಓಡಿಬಂದು, "ಅಣ್ಣ, ಚಪ್ಪಲಿ ಬಿಟ್ಟು ಬಂದಿದ್ದೀರಿ" ಎಂದು ಕೈಗೆ ಕೊಟ್ಟ. ಕೆಳಗೆ ನೋಡಿದೆ. ಬರಿಗಾಲು ಒಡೆದ ಹಣ್ಣಿನ ರಸದಲ್ಲಿ ನೆನೆದುಹೋಗಿತ್ತು. ಹೆಬ್ಬೆರಳ ಪಕ್ಕದಲ್ಲಿ ಮುರಿದ ಬಾಕ್ಸಿನ ಪ್ಲಾಸ್ಟಿಕ್ ಚೂರು ಚುಚ್ಚಿಕೊಂಡು ರಕ್ತ ಬಂದಿತ್ತು. ಗಾಯಕ್ಕೆ ಹುಳಿ ತಾಗಿದರೆ ಉರಿಯಬೇಕು. ಉರಿಯಲಿಲ್ಲ. ನನಗೆ ಭಯವಾದದ್ದು ಅದಕ್ಕೆ.

ಹತ್ತೊಂಬತ್ತು ವರ್ಷದಿಂದ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಸುಗ್ಗಿಯ ತಿಂಗಳುಗಳಲ್ಲಿ ನಸುಕಿಗೇ ಮಾಲು ಇಳಿಯುತ್ತದೆ. ಬರಿಹೊಟ್ಟೆಗೆ ಮೂರು ಟೀ, ತಿಂಡಿ ಹತ್ತೂವರೆಗೆ, ರಾತ್ರಿಯ ಮುದ್ದೆ ಲಾರಿ ಲೋಡಾದ ಮೇಲೆ, ಉಂಡ ತಕ್ಷಣ ಹಾಸಿಗೆ. ಹೀಗಿದ್ದವನಿಗೆ ಎದೆಯುರಿ, ಹುಳಿತೇಗು ಬರದೆ ಇರುತ್ತದೆಯೇ? ಆರು ವರ್ಷದ ಹಿಂದೆ ಗಂಟಲವರೆಗೆ ಹುಳಿ ಬಂದು ರಾತ್ರಿ ಎದ್ದು ಕೂರುವ ಹಾಗಾದಾಗ ವೈದ್ಯರೊಬ್ಬರು ಪ್ಯಾಂಟೊಪ್ರಜೋಲ್ 40 ಬರೆದುಕೊಟ್ಟರು. ಮೂರನೆಯ ದಿನಕ್ಕೆ ನಿದ್ದೆ ಬಂತು. ಅಲ್ಲಿಂದಾಚೆಗೆ ವೈದ್ಯರ ಬಳಿ ಹೋಗಲಿಲ್ಲ, ಔಷಧಿ ಅಂಗಡಿಗೆ ಹೋದೆ. "ಗ್ಯಾಸ್ ಮಾತ್ರೆ ಎರಡು ಶೀಟು" ಎಂದರೆ ಸಾಕಿತ್ತು. ಅಂಗಿಯ ಜೇಬಿನಲ್ಲಿ ಸದಾ ಒಂದು ಶೀಟು ಇರುತ್ತಿತ್ತು. ಮಂಡಿಯಲ್ಲಿ ಯಾರಾದರೂ ಎದೆ ಒತ್ತಿಕೊಂಡರೆ ಒಂದು ಮುರಿದು ಕೊಡುತ್ತಿದ್ದೆ.

ಪಾದಗಳಲ್ಲಿ ಜೋಮು ಶುರುವಾಗಿ ತಿಂಗಳುಗಳೇ ಆಗಿದ್ದವು. ದಿನವಿಡೀ ನಿಲ್ಲುವ ಕೆಲಸ, ಅದಕ್ಕೇ ಎಂದುಕೊಂಡಿದ್ದೆ. ನಾಲಿಗೆ ಕೆಂಪಗೆ ನುಣುಪಾಗಿ, ಸಾರಿನ ಖಾರ ತಾಗದಂತಾಗಿದ್ದನ್ನು ಗಮನಿಸಿದವಳು ಹೆಂಡತಿ. ಚಪ್ಪಲಿಯ ಸಂಗತಿ ಕೇಳಿದ ದಿನವೇ ಅವಳು ನನ್ನನ್ನು ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು.

"ದಿನವೂ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ?" ಎಂದು ಡಾಕ್ಟರಮ್ಮ ಕೇಳಿದರು.

"ಯಾವುದೂ ಇಲ್ಲ, ಮೇಡಂ."

"ಗ್ಯಾಸ್ ಮಾತ್ರೆ ಇದೆಯಲ್ಲರೀ" ಎಂದಳು ಹೆಂಡತಿ.

ಸುಳ್ಳು ಹೇಳಬೇಕೆಂದು ನಾನು ಹೇಳಿರಲಿಲ್ಲ. ಅದನ್ನು ಔಷಧಿ ಎಂದೇ ಎಣಿಸಿರಲಿಲ್ಲ, ಅಷ್ಟೆ. ಎಷ್ಟು ವರ್ಷದಿಂದ ಎಂದು ಕೇಳಿ ಅವರು ಪೆನ್ನು ಕೆಳಗಿಟ್ಟರು.

ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿತ್ತು. ವಿಟಮಿನ್ ಬಿ12 ಮಾತ್ರ 128 ಇತ್ತು. 200ಕ್ಕಿಂತ ಕೆಳಗಿದ್ದರೆ ಕೊರತೆಯೆಂದೇ ಲೆಕ್ಕ. ಮಾಂಸ, ಮೊಟ್ಟೆ, ಹಾಲಿನಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಅದನ್ನು ಬಿಡಿಸಲು ಹೊಟ್ಟೆಯ ಆಮ್ಲ ಬೇಕು, ಈ ಮಾತ್ರೆಯೋ ಆಮ್ಲ ಸುರಿಸುವ ಪಂಪುಗಳನ್ನೇ ಬಂದ್ ಮಾಡುತ್ತದೆ ಎಂದು ಅವರು ವಿವರಿಸಿದರು. "ಇದೊಂದೇ ಕಾರಣ ಎನ್ನಲಾರೆ. ನೀವು ಮಾಂಸ ತಿನ್ನುವುದು ತಿಂಗಳಿಗೊಮ್ಮೆ. ಆದರೆ ಆರು ವರ್ಷ ಎಂದರೆ ಇದರ ಪಾಲೂ ಇದೆ" ಎಂದರು. ಬಿ12 ಸೂಜಿ ಅಂದೇ ಶುರುವಾಯಿತು.

ಆ ರಾತ್ರಿ ಟ್ರಂಕು ತೆಗೆದು ಹಳೆಯ ಚೀಟಿ ಹುಡುಕಿದೆ. ಮಗಳ ಶಾಲೆಯ ರಸೀದಿಗಳ ನಡುವೆ ಸಿಕ್ಕಿತು. ಮಡಿಕೆಯಲ್ಲಿ ಹರಿದಿತ್ತು, ಶಾಯಿ ಮಾತ್ರ ಸ್ಪಷ್ಟವಾಗಿತ್ತು. 1-0-0. ತಿಂಡಿಗೆ ಅರ್ಧ ಗಂಟೆ ಮೊದಲು. 30 ದಿನ. ಅದರ ಕೆಳಗೆ, ಎರಡು ಗೆರೆ ಎಳೆದು, "ಮತ್ತೆ ಬಂದು ತೋರಿಸಿ." ಬಹಳ ಹೊತ್ತು ಅದನ್ನು ಹಿಡಿದು ಕೂತಿದ್ದೆ. ಆ ವೈದ್ಯರು ಬರೆದದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಮೂವತ್ತು ಮಾತ್ರೆಯ ಚೀಟಿಗೆ ನಾನು ಎರಡು ಸಾವಿರಕ್ಕೂ ಹೆಚ್ಚು ಮಾತ್ರೆ ನುಂಗಿದ್ದೆ, ಅದೂ ಬಹುಪಾಲು ತಿಂಡಿಯಾದ ಮೇಲೆ. ಅಂಗಡಿಯಲ್ಲಿ ಯಾರೂ ಒಮ್ಮೆಯೂ ಚೀಟಿ ಕೇಳಲಿಲ್ಲ. ಆ ಸಿಟ್ಟು ನನಗೆ ಇಂದಿಗೂ ಇದೆ. ಆದರೆ ಇನ್ನೂ ಎಷ್ಟು ದಿನ ಎಂದು ನಾನಾದರೂ ಯಾರನ್ನು ಕೇಳಿದೆ?

ನರ್ಸಿಂಗ್ ಓದುತ್ತಿರುವ ಮಗಳು ವಾರದ ಕೊನೆಗೆ ಊರಿಗೆ ಬಂದಾಗ ಕೂರಿಸಿಕೊಂಡು ಎಲ್ಲ ಕೇಳಿದೆ. ಎರಡು ವರ್ಷ ಮತ್ತು ಅದಕ್ಕಿಂತ ಹೆಚ್ಚು ಕಾಲ ಇಂಥ ಮಾತ್ರೆ ನುಂಗಿದವರಲ್ಲಿ ಬಿ12 ಕೊರತೆಯ ಸಾಧ್ಯತೆ ಶೇ. 65ರಷ್ಟು ಹೆಚ್ಚಿತ್ತೆಂದು 2013ರಲ್ಲಿ ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿತ್ತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಮೂಳೆ ಮುರಿತದ ಬಗ್ಗೆ, 2011ರಲ್ಲಿ ಮೆಗ್ನೀಸಿಯಂ ಇಳಿಯುವ ಬಗ್ಗೆ ಎಚ್ಚರಿಸಿತ್ತು. ಕೇಳುತ್ತಾ ಕೇಳುತ್ತಾ ಎದ್ದು ಹೋಗಿ ಗೂಡಿನಲ್ಲಿದ್ದ ಶೀಟುಗಳನ್ನೆಲ್ಲ ಬಾಚಿಕೊಂಡೆ. ಅದರಲ್ಲಿ ನನ್ನ ತಂದೆಯದೂ ಇತ್ತು.

"ಅಪ್ಪಾ, ತಾತನ ಮಾತ್ರೆ ಮುಟ್ಟಬೇಡಿ" ಎಂದು ಅವಳು ಕೈ ಹಿಡಿದಳು.

ತಂದೆಗೆ ಎಪ್ಪತ್ತಾರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದಾರೆ. ಆಸ್ಪಿರಿನ್ ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಮಾತ್ರೆಯೂ ನಡೆಯುತ್ತಿದೆ. ಅವು ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತಸ್ರಾವ ತರದಿರಲಿ ಎಂದೇ ಅವರಿಗೆ ಪ್ಯಾಂಟೊಪ್ರಜೋಲ್ ಕೊಟ್ಟಿರುವುದು. ಹೃದಯ, ರಕ್ತನಾಳದ ಕಾಯಿಲೆಯ 17,000ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಇದೇ ಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ನೋಡಿದ ದೊಡ್ಡ ಪರೀಕ್ಷೆಯ ಫಲ 2019ರಲ್ಲಿ ಬಂದಿದೆಯಂತೆ. ಕರುಳಿನ ಸೋಂಕು ಸ್ವಲ್ಪ ಹೆಚ್ಚಿದ್ದು ಬಿಟ್ಟರೆ, ಮೂಳೆ ಮುರಿತ, ಮೂತ್ರಪಿಂಡದ ಕಾಯಿಲೆ, ಮರೆವಿನ ಕಾಯಿಲೆ ಯಾವುದರಲ್ಲೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿರಲಿಲ್ಲ. ತಂದೆಯ ಶೀಟನ್ನು ಇದ್ದ ಜಾಗದಲ್ಲೇ ಇಟ್ಟೆ. ಒಂದೇ ಮಾತ್ರೆ. ಅವರಿಗೆ ಅದು ಕಾವಲು, ನನಗೆ ಬರೀ ರೂಢಿ.

ನನ್ನದನ್ನು ಮಾತ್ರ ಆ ದಿನವೇ ನಿಲ್ಲಿಸಿದೆ. ಅದು ಇನ್ನೊಂದು ತಪ್ಪು. ನಾಲ್ಕನೆಯ ರಾತ್ರಿ ಎದೆಯಲ್ಲಿ ಕೆಂಡ ಸುರಿದಂತಾಯಿತು. ಮಾತ್ರೆ ಇಲ್ಲದೆ ಬದುಕಲಾರೆ ಅನ್ನಿಸಿತು. ಬಹುಕಾಲ ತಡೆದಿಟ್ಟ ಆಮ್ಲ ಕೆಲವು ವಾರ ಮೊದಲಿಗಿಂತ ಹೆಚ್ಚೇ ಉಕ್ಕುತ್ತದೆ, ಅದನ್ನೇ ಹಳೆಯ ಕಾಯಿಲೆ ಎಂದುಕೊಂಡು ಜನ ಮತ್ತೆ ಮಾತ್ರೆಗೆ ಮರಳುತ್ತಾರೆ ಎಂದು ಡಾಕ್ಟರಮ್ಮ ಹೇಳಿದರು. 40ರಿಂದ 20ಕ್ಕೆ ಇಳಿಸಿದರು, ತಿಂಗಳಾದ ಮೇಲೆ ದಿನ ಬಿಟ್ಟು ದಿನ. ನಡುವೆ ಉರಿ ಎದ್ದರೆ ಕುಡಿಯಲು ಆಂಟಾಸಿಡ್ ಔಷಧಿ. ಮಂಚದ ತಲೆಯ ಕಡೆಯ ಎರಡು ಕಾಲಿಗೂ ಹೆಂಡತಿ ಇಟ್ಟಿಗೆ ಕೊಟ್ಟಳು. ಮುದ್ದೆ ಬಿಡಲಿಲ್ಲ. ಅದನ್ನು ಮಂಡಿಗೇ ತರಿಸಿಕೊಂಡು ಸಂಜೆ ಏಳಕ್ಕೆ ಉಣ್ಣತೊಡಗಿದೆ. ಬೆಳಗಿನ ಟೀ ಬಿಡುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಮೂರರಲ್ಲಿ ಎರಡು ಹೋಗಿವೆ.

ಪೂರ್ತಿ ನಿಂತು ಈಗ ಐದು ತಿಂಗಳು. ಬಲಪಾದದಲ್ಲಿ ಸ್ಪರ್ಶ ಮರಳಿದೆ. ಎಡಗಾಲಿನ ಕಿರುಬೆರಳುಗಳಲ್ಲಿ ಇನ್ನೂ ಇಲ್ಲ.

ಮೊನ್ನೆ ಅದೇ ಹಮಾಲಿ ಹುಡುಗ ಬಂದು, "ಅಣ್ಣ, ಒಂದು ಗ್ಯಾಸ್ ಮಾತ್ರೆ ಕೊಡಿ" ಎಂದ. ರೂಢಿಯಂತೆ ಕೈ ಜೇಬಿಗೆ ಹೋಯಿತು. ಜೇಬಿನಲ್ಲಿ ಪೆನ್ನು ಮಾತ್ರ ಇತ್ತು.

"ಎಷ್ಟು ದಿನದಿಂದ ತೆಗೆದುಕೊಳ್ಳುತ್ತಿದ್ದೀಯ?" ಎಂದೆ.

ಅವನು ಲೆಕ್ಕ ಹಾಕಿದ. "ನೀವು ಮೊದಲು ಕೊಟ್ಟಿದ್ದಿರಲ್ಲ, ಆ ವರ್ಷದ ಸುಗ್ಗಿಯಿಂದ."

ಸೋಮವಾರ ಬೆಳಗ್ಗೆ ಅವನನ್ನು ಡಾಕ್ಟರಮ್ಮನ ಬಳಿಗೆ ಕರೆದುಕೊಂಡು ಹೋಗುತ್ತಿದ್ದೇನೆ.