ಕೊಯಿ ಕೊಳದ ಡ್ರಮ್ ಫಿಲ್ಟರ್ ಮತ್ತು ಅದರ ರಾಡಿ ನೀರು

ವಿಜಯಪುರದ ನಮ್ಮ ಹಿತ್ತಲಿನ ಕೊಯಿ (ಬಣ್ಣದ ಕಾರ್ಪ್ ಮೀನು) ಕೊಳಕ್ಕೆ ಅಂತೂ ಡ್ರಮ್ ಫಿಲ್ಟರ್, ಅಂದರೆ ಕಸ ಸೋಸುವ ತಿರುಗು ಜಾಲರಿ, ಕೂತಿದೆ. ಈ ಬೇಸಿಗೆಯ ಬಿಸಿಲಲ್ಲೇ ಓಡಿಸಿ ನೋಡಿದ್ದೇನೆ. ಕೊಳ 12,000 ಲೀಟರಿನದು. ಈ ಸಲ ಫಿಲ್ಟರ್‌ಗಿಂತ ಜಾಸ್ತಿ ಅದು ಹೊರಹಾಕುವ ನೀರಿನ ಬಗ್ಗೆ ಬರೆಯುತ್ತೇನೆ. ಕೊಳ ಕಟ್ಟುವ ಮೊದಲೇ ರಾಡಿ ಎಲ್ಲಿಗೆ ಹೋಗಬೇಕು ಅಂತ ಗೆರೆ ಹಾಕಿಕೊಳ್ಳಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮೊದಲು ಜೋಡಣೆ. ತಳದ ಡ್ರೇನ್‌ನಿಂದ 110 ಎಂಎಂ ಪೈಪು ನೇರವಾಗಿ ಡ್ರಮ್ಮಿನ ಪೆಟ್ಟಿಗೆಗೆ ಬರುತ್ತದೆ. ನಡುವೆ ಪಂಪ್ ಇಲ್ಲ, ನೀರು ತಾನಾಗಿ ಹರಿದು ಬರುತ್ತದೆ. ಪಂಪ್ ಮುಂದಿಟ್ಟರೆ ಗಲೀಜೆಲ್ಲ ಅರೆದು ಪುಡಿಯಾಗುತ್ತದೆ, ಎಷ್ಟೋ ಪುಡಿ ಜಾಲರಿ ದಾಟಿ ಹೋಗುತ್ತದೆ. ಪಂಪ್ ಡ್ರಮ್ಮಿನ ಆಚೆ, ಬ್ಯಾಕ್ಟೀರಿಯಾದಿಂದ ಅಮೋನಿಯಾ ಕಳೆಯುವ ಬಯೋ ಫಿಲ್ಟರ್‌ಗೆ ನೀರು ತಳ್ಳುವ ಜಾಗದಲ್ಲಿದೆ.

ಡ್ರಮ್ಮಿನ ಜಾಲರಿಯ ತೂತು 60 ಮೈಕ್ರಾನ್, ಅಂದರೆ 0.06 ಮಿಲಿಮೀಟರ್. ನೀರು ಒಳಗಿನಿಂದ ಹೊರಕ್ಕೆ ಸೋಸುತ್ತದೆ, ಕಸ ಒಳಮೈಗೆ ಅಂಟುತ್ತದೆ. ಜಾಲರಿ ಕಟ್ಟಿಕೊಂಡಂತೆ ಆಚೆ ಬದಿಯ ನೀರಿನ ಮಟ್ಟ ಇಳಿಯುತ್ತದೆ. ಆಗ ಫ್ಲೋಟ್ ಸ್ವಿಚ್ ಮೋಟಾರ್ ಎಬ್ಬಿಸುತ್ತದೆ. ಡ್ರಮ್ ತಿರುಗುತ್ತದೆ, ಮೇಲಿನ ನಾಜಲ್‌ಗಳು ಜೋರಾಗಿ ನೀರು ಹೊಡೆಯುತ್ತವೆ, ರಾಡಿ ಒಳಗಿನ ದೋಣಿಗೆ ಬಿದ್ದು ಹೊರಗೆ ಹೋಗುತ್ತದೆ. ಮುಚ್ಚಳ ತೆಗೆದು ನೋಡುವುದೇ ನನಗೊಂದು ಖುಷಿ. ಕಂದು-ಹಸಿರು ಲೋಳೆ ಕಟ್ಟಿದ ಜಾಲರಿ, ನೀರು ಬಿದ್ದ ಪಟ್ಟಿಯಲ್ಲಿ ಮಾತ್ರ ಒಮ್ಮೆಲೇ ಬೆಳ್ಳಗೆ ಹೊಳೆಯುತ್ತದೆ.

ಮುಂಚೆ ಇದ್ದ ಬ್ರಷ್ ತೊಟ್ಟಿಯೂ ಕಸ ಹಿಡಿಯುತ್ತಿತ್ತು. ಆದರೆ ನಾನು ತೊಳೆಯುವ ತನಕ ಅದು ಅಲ್ಲೇ ನೀರಿನಲ್ಲಿ ಕರಗುತ್ತಾ ಇರುತ್ತಿತ್ತು. ಈಗ ಸ್ವಲ್ಪ ಹೊತ್ತಿಗೇ ಕೊಳದಿಂದ ಹೊರಗೆ. ಹಾಗಂತ ಬಯೋ ಫಿಲ್ಟರ್ ಬಿಡುವಂತಿಲ್ಲ. ಮೀನಿನ ಅಮೋನಿಯಾ ಬಹುಪಾಲು ಕಿವಿರಿನಿಂದಲೇ ನೀರಿಗೆ ಸೇರುತ್ತದೆ, ಅದನ್ನು ಯಾವ ಜಾಲರಿಯೂ ಹಿಡಿಯದು. ನಮ್ಮ ಕಡೆ ಇದಕ್ಕೆ ಇನ್ನೂ ಜಾಸ್ತಿ ಹುಷಾರಾಗಿರಬೇಕು, ನೀರು ಬಿಸಿಯಾದಷ್ಟೂ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಏರಿದಷ್ಟೂ ವಿಷ ಜಾಸ್ತಿ. ನೀರು 30 ಡಿಗ್ರಿ ಇದ್ದಾಗ ಪಿಎಚ್ 7 ಆದರೆ ಅಮೋನಿಯಾದಲ್ಲಿ ವಿಷಕಾರಿ ಭಾಗ ಶೇ 1ಕ್ಕಿಂತ ಕಡಿಮೆ. ಪಿಎಚ್ 8.5 ಆದರೆ ಅದೇ ಸುಮಾರು ಶೇ 20.

ಇನ್ನು ನಾಜಲ್ ಕಾಟ. ನಮ್ಮ ಬೋರ್ ನೀರು ಗಡಸು. ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಸುಣ್ಣ ಈ ಸಣ್ಣ ತೂತುಗಳಲ್ಲೂ ಕಟ್ಟುತ್ತದೆ. ಒಂದು ನಾಜಲ್ ಅರ್ಧ ಮುಚ್ಚಿಕೊಂಡರೆ ಸಾಕು, ಡ್ರಮ್ ಸುತ್ತ ಅಷ್ಟಗಲದ ಕಪ್ಪು ಪಟ್ಟಿ ಉಳಿಯುತ್ತದೆ. ಆ ಪಟ್ಟಿ ನೋಡಿದರೆ ಯಾವ ನಾಜಲ್ ಬಿಚ್ಚಬೇಕು ಅಂತ ಗೊತ್ತಾಗುತ್ತದೆ. ಬಿಚ್ಚಿ ನಿಂಬೆ ಉಪ್ಪಿನ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟರೆ ಬೆಳಗ್ಗೆ ಹೊಸದರಂತೆ ಹೊಡೆಯುತ್ತದೆ. ಸೂಜಿ ಹಾಕಿ ಕೆದಕಬೇಡಿ, ತೂತಿನ ಆಕಾರ ಕೆಟ್ಟರೆ ನೀರಿನ ಹರವೇ ಕೆಡುತ್ತದೆ.

ಬಿಸಿಲು ಜೋರಾಗಿ, ಮೀನು ಚೆನ್ನಾಗಿ ತಿನ್ನುವ ದಿನಗಳಲ್ಲಿ ತೊಳೆದ ನೀರು ದಿನಕ್ಕೆ ಹತ್ತಿರಹತ್ತಿರ 300 ಲೀಟರ್ ಆಗುತ್ತದೆ. ನೀರಿಗೆ ಪರದಾಡುವ ಊರಲ್ಲಿ ಇಷ್ಟು ಪೋಲಾ ಅಂತ ಕೇಳಬಹುದು. ನನ್ನ ಲೆಕ್ಕ ಬೇರೆ. ಇಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ, ಕೊಳದ ನೀರು ಆವಿಯಾಗುತ್ತಲೇ ಇರುತ್ತದೆ. ಆವಿ ಹೋದರೂ ನೀರಿನೊಳಗಿನ ಲವಣ ಕೊಳದಲ್ಲೇ ಉಳಿಯುತ್ತದೆ. ಸುಮ್ನೆ ಮೇಲಿಂದ ಬೋರ್ ನೀರು ತುಂಬುತ್ತಾ ಹೋದರೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಏರುತ್ತಲೇ ಹೋಗುತ್ತದೆ. ಹಾಗಾಗಿ ಹೇಗಿದ್ದರೂ ಒಂದಷ್ಟು ನೀರು ಹೊರಗೆ ಹೋಗಲೇಬೇಕು. ಡ್ರಮ್ ಆ ಕೆಲಸವನ್ನು ದಿನಾ ಸ್ವಲ್ಪ ಸ್ವಲ್ಪ ಮಾಡುತ್ತದೆ.

"ಆ ನೀರು ಗಟಾರಕ್ಕ ಬಿಡಬ್ಯಾಡಪ್ಪಾ, ಗಿಡಕ್ಕರ ಹಾಕು" ಅಂತ ಅವ್ವ ಮೊದಲಿಂದ ಹೇಳುತ್ತಿದ್ದಳು. ಈಗ ರಾಡಿ ಪೈಪು 200 ಲೀಟರಿನ ನೀಲಿ ಬ್ಯಾರಲ್‌ಗೆ ಹೋಗುತ್ತದೆ. ನೀರು ಬ್ಯಾರಲ್‌ನ ನಡು ಎತ್ತರದಲ್ಲಿ, ಗೋಡೆ ಸವರಿಕೊಂಡು ಇಳಿಯುವಂತೆ ಪೈಪು ತಿರುಗಿಸಿದ್ದೇನೆ. ವೇಗ ಸತ್ತರೆ ಹೂಳು ಕೂರುತ್ತದೆ, ಅಷ್ಟೇ. ನಮ್ಮೂರಲ್ಲಿ ಆದಿಲ್‌ಶಾಹಿ ಕಾಲದ ನೀರಿನ ಗೋಪುರಗಳು ಇನ್ನೂ ನಿಂತಿವೆ, ನೋಡಿರುತ್ತೀರಿ. ತೊರವಿ ಕಡೆಯಿಂದ ಮತ್ತು 1651ರ ಕೆರೆಯಾದ ಬೇಗಂ ತಲಾಬ್‌ನಿಂದ ನೆಲದೊಳಗಿನ ಕೊಳವೆಗಳಲ್ಲಿ ಬರುತ್ತಿದ್ದ ನೀರಿನ ಒತ್ತಡ ತಗ್ಗಿಸಿ, ಹೂಳು ಕೂರಿಸುವುದಕ್ಕೇ ಅವನ್ನು ಕಟ್ಟಿದ್ದು. ಆ ಜಾಣ್ಮೆಯ ಬಗ್ಗೆ ನನಗೆ ತುಂಬಾ ಗೌರವ.

ಬ್ಯಾರಲ್‌ನ ಮೇಲಿನ ತಿಳಿ ಉಕ್ಕಿ ಲಿಂಬೆ, ಕರಿಬೇವು, ಬಾಳೆಗೆ ಹೋಗುತ್ತದೆ. ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಲಿಂಬೆ ಬುಡದಲ್ಲಿ ನೀರು ನಿಲ್ಲಬಾರದು. ಅದಕ್ಕೇ ಪೈಪನ್ನು ದಿನಾ ಬೇರೆ ಗಿಡಕ್ಕೆ ತಿರುಗಿಸುತ್ತೇನೆ. ತಳದ ರಾಡಿಯನ್ನು ದಿನಕ್ಕೊಮ್ಮೆ ವಾಲ್ವ್ ತೆಗೆದು ತಿಪ್ಪೆಗುಂಡಿಗೆ ಬಿಡುತ್ತೇನೆ, ಮೇಲೆ ಒಣ ಎಲೆ, ಜೋಳದ ಕಣಿಕೆ ಚೂರು. ಈ ಸೆಕೆಯಲ್ಲಿ ರಾಡಿ ಹಾಗೇ ಬಿಟ್ಟರೆ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಬ್ಯಾರಲ್ ಬಾಯಿಗೆ ಸೊಳ್ಳೆ ಪರದೆ ಬಿಗಿಯಾಗಿ ಕಟ್ಟಿದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಮೀನಿನ ಆರೋಗ್ಯಕ್ಕೆ ಅಂತ ಕೊಳಕ್ಕೆ ಉಪ್ಪು ಹಾಕಿದಾಗ ಆ ನೀರು ಗಿಡಕ್ಕೆ ಹೋಗಬಾರದು. ಶೇ 0.3ರ ಉಪ್ಪು ಅಂದರೆ ಈ ಕೊಳಕ್ಕೆ 36 ಕೆಜಿ! ಲಿಂಬೆ ಜಾತಿಗೆ ಉಪ್ಪು ಆಗಿಬರುವುದಿಲ್ಲ. ಎರೆಮಣ್ಣಿಗೆ ಸೋಡಿಯಂ ಸೇರಿದರೆ ಮಣ್ಣು ಬಿಗಿದು ನೀರೇ ಇಳಿಯದಂತಾಗುತ್ತದೆ. ಅದಕ್ಕೆ ರಾಡಿ ಪೈಪಿಗೆ ಎರಡು ದಾರಿಯ ವಾಲ್ವ್ ಇಟ್ಟಿದ್ದೇನೆ, ಒಂದು ಬ್ಯಾರಲ್‌ಗೆ, ಇನ್ನೊಂದು ಗಟಾರಕ್ಕೆ. ಉಪ್ಪು ಆವಿಯಾಗುವುದಿಲ್ಲ, ನೀರಿನ ಜೊತೆಗೇ ಹೋಗಬೇಕು. ಹಾಗಾಗಿ ಟಿಡಿಎಸ್ ಮೊದಲಿನ ಅಂಕಿಗೆ ಇಳಿಯುವ ತನಕ ವಾಲ್ವ್ ಗಟಾರದ ಕಡೆಗೇ. ಔಷಧಿ ಹಾಕಿದಾಗಲೂ ಇದೇ ನಿಯಮ.

ಕರೆಂಟ್ ಹೋದರೆ ಚಿಂತೆ ಇಲ್ಲ. ಎಲ್ಲಾ ಒಂದೇ ಮಟ್ಟದಲ್ಲಿರುವುದರಿಂದ ನೀರು ಸಮನಾಗಿ ನಿಲ್ಲುತ್ತದೆ, ಚೆಲ್ಲುವುದಿಲ್ಲ. ಗಾಳಿ ಪಂಪ್ ಮಾತ್ರ ಇನ್ವರ್ಟರ್ ಮೇಲಿದೆ. ಡ್ರಮ್ ಕಟ್ಟಿಕೊಂಡು ಪಂಪ್ ಕಡೆ ನೀರು ಇಳಿದರೆ ಪಂಪ್ ನಿಲ್ಲಿಸಲು ಇನ್ನೊಂದು ಫ್ಲೋಟ್ ಸ್ವಿಚ್ ಇದೆ. ಉಳಿದದ್ದು ನಾಜಲ್‌ಗಳಿಗೆ ನೀರು ತಳ್ಳಿ ಜಾಲರಿ ತೊಳೆಯುವ ಪಂಪ್. ಸ್ವಿಚ್ ಸಿಕ್ಕಿಕೊಂಡು ಅದು ನಿಲ್ಲದೇ ಓಡಿದರೆ ಕೊಳದ ನೀರೆಲ್ಲ ಬ್ಯಾರಲ್ ದಾಟಿ ಹಿತ್ತಲಿಗೆ ಹರಿಯುತ್ತದೆ. ಅದಕ್ಕೊಂದು ಟೈಮರ್ ಕೂರಿಸುವುದು ಮಳೆಗಾಲದ ಮುಂಚಿನ ಕೆಲಸ.