ಖಾಲಿ ಚೌಕವನ್ನು ಬಿಳಿಯಾಗಿ ಬಿಡಬೇಡಿ

ರಸ್ತೆಯ ಮಾರ್ಗ ಅಂತಿಮಗೊಳಿಸುವ ಸಭೆಯಲ್ಲಿ ಜೀವವೈವಿಧ್ಯದ ಸರದಿ ಬರುವುದು ಕೊನೆಗೆ. ಪರದೆಯ ಮೇಲೆ ನಮ್ಮ ಜೀವವೈವಿಧ್ಯ ದತ್ತಾಂಶ ವೇದಿಕೆಯ ನಕ್ಷೆ ತೆರೆದುಕೊಳ್ಳುತ್ತದೆ. ಒಂದೊಂದು ಕಿಲೋಮೀಟರಿನ ಚೌಕಗಳು. ಪ್ರಭೇದ ಹೆಚ್ಚಿದ್ದಲ್ಲಿ ಕಡು ಹಸಿರು, ಕಡಿಮೆಯಿದ್ದಲ್ಲಿ ತಿಳಿ ಹಸಿರು, ದಾಖಲೆಯೇ ಇಲ್ಲದಲ್ಲಿ ಬಿಳಿ. ಎಂಜಿನಿಯರು ಬಿಳಿ ಚೌಕಗಳ ಸಾಲು ತೋರಿಸಿ, "ಇಲ್ಲೇನೂ ಇಲ್ಲವಲ್ಲ, ಇಲ್ಲೇ ಹೋಗಲಿ ಬಿಡಿ" ಎನ್ನುತ್ತಾರೆ. ಮುಂದಿನ ಎರಡು ನಿಮಿಷದಲ್ಲಿ ಯಾರೂ ತಡೆಯದಿದ್ದರೆ ನಡಾವಳಿಗೆ ಅದೇ ಸೇರುತ್ತದೆ. ಆಮೇಲೆ ತಿದ್ದಿಸುವುದೆಂದರೆ ಕಡತದ ಹಿಂದೆ ತಿಂಗಳುಗಟ್ಟಲೆ ಅಲೆಯಬೇಕು. ನಾವೇ ಕಟ್ಟಿದ ವೇದಿಕೆ ನಮ್ಮ ವಿರುದ್ಧವೇ ಸಾಕ್ಷಿ ಹೇಳುವ ಆ ಗಳಿಗೆಯಷ್ಟು ಸಂಕಟದ್ದು ಈ ಕೆಲಸದಲ್ಲಿ ಇನ್ನೊಂದಿಲ್ಲ.

ಬಿಳಿ ಚೌಕಗಳಲ್ಲಿ ಬಹುಪಾಲು ಯಾರೂ ಕಾಲಿಡದ ಜಾಗಗಳು. ದಾಖಲೆಗಳು ರಸ್ತೆಯಂಚಿನಲ್ಲಿ, ವಿಶ್ವವಿದ್ಯಾಲಯಗಳ ಸುತ್ತ, ಹೆಸರಾದ ಅಭಯಾರಣ್ಯಗಳಲ್ಲಿ ಗುಂಪುಗೂಡಿರುತ್ತವೆ. ಹಾಗಾಗಿ ಪ್ರಭೇದಗಳ ಲೇಯರ್ ಜೊತೆಗೆ ಸಮೀಕ್ಷೆಯ ಲೇಯರ್ ಕಡ್ಡಾಯವಾಗಿ ಇರಬೇಕು: ಯಾವ ಚೌಕಕ್ಕೆ ಯಾರು, ಯಾವ ಋತುವಿನಲ್ಲಿ, ಯಾವ ವಿಧಾನದಲ್ಲಿ, ಎಷ್ಟು ಹೊತ್ತು ಹೋಗಿದ್ದರು ಎಂಬುದು. ಜೀವವೈವಿಧ್ಯ ದತ್ತಾಂಶ ಹಂಚಿಕೊಳ್ಳುವ ಅಂತರರಾಷ್ಟ್ರೀಯ ಮಾನಕವಾದ ಡಾರ್ವಿನ್ ಕೋರ್‌ನಲ್ಲಿ ಇದಕ್ಕೆಂದೇ ಸ್ಯಾಂಪ್ಲಿಂಗ್ ಪ್ರೊಟೊಕಾಲ್ (ಸಮೀಕ್ಷೆಯ ವಿಧಾನ), ಸ್ಯಾಂಪ್ಲಿಂಗ್ ಎಫರ್ಟ್ (ಪಟ್ಟ ಶ್ರಮ) ಕಾಲಂಗಳಿವೆ. ಸಂಸ್ಥೆಗಳಿಂದ ಬರುವ ಎಕ್ಸೆಲ್‌ಗಳಲ್ಲಿ ಸಾಮಾನ್ಯವಾಗಿ ಖಾಲಿ ಬಿದ್ದಿರುವುದೂ ಇವೇ. ಸಮೀಕ್ಷೆಯಾಗದ ಚೌಕಕ್ಕೆ ಬೂದು ಗೆರೆ ಹಾಕಿ. ನಿಗದಿತ ವಿಧಾನದಲ್ಲಿ ಹುಡುಕಿಯೂ ಸಿಗದಿದ್ದಲ್ಲಿ ಮಾತ್ರ "ಕಂಡುಬಂದಿಲ್ಲ" ಎಂದು ದಾಖಲಿಸಿ, ತಾರೀಕಿನ ಸಮೇತ. ಮಳೆಗಾಲದ ಕಪ್ಪೆಯನ್ನು ಬೇಸಿಗೆಯಲ್ಲಿ ಹುಡುಕಿ ಇಲ್ಲವೆಂದು ಬರೆದ ಸಾಲು ಖಾಲಿ ಚೌಕಕ್ಕಿಂತ ಅಪಾಯಕಾರಿ.

ಹಸಿರು ಚುಕ್ಕೆಗಳನ್ನೂ ಸುಮ್ಮನೆ ನಂಬುವಂತಿಲ್ಲ. ಒಣಗಿಸಿದ ಗಿಡ ಅಂಟಿಸಿಟ್ಟ ಹಳೆಯ ಹರ್ಬೇರಿಯಂ ಹಾಳೆಯಲ್ಲಿ ಜಿಲ್ಲೆಯ ಹೆಸರಷ್ಟೇ ಇದ್ದರೆ, ದಾಖಲಿಸುವವರು ಜಿಲ್ಲೆಯ ನಡುಮಧ್ಯದ ಅಕ್ಷಾಂಶ, ರೇಖಾಂಶ ಕೊಟ್ಟುಬಿಡುತ್ತಾರೆ; ಕಾಡಿನ ಗಿಡ ಪಟ್ಟಣದ ಬಸ್ ನಿಲ್ದಾಣದಲ್ಲಿ ಬೆಳೆಯುತ್ತದೆ. ಸ್ಥಳದ ಅನಿಶ್ಚಿತತೆಯ ಕಾಲಂನಲ್ಲಿ ಇಪ್ಪತ್ತು ಸಾವಿರ ಮೀಟರ್ ಎಂದಿರುವ ದಾಖಲೆಗೆ ಒಂದು ಕಿಲೋಮೀಟರಿನ ಚೌಕದಲ್ಲಿ ಜಾಗವಿಲ್ಲ. ಅದನ್ನು ಅಳಿಸಬೇಡಿ, ಆ ಪ್ರಶ್ನೆಯ ಮಟ್ಟಿಗೆ ಸೋಸಿ ಹೊರಗಿಡಿ. ಸೊನ್ನೆ, ಸೊನ್ನೆ ನಿರ್ದೇಶಾಂಕ, ಅಕ್ಷಾಂಶ–ರೇಖಾಂಶ ಅದಲುಬದಲು, ಎಕ್ಸೆಲ್ ತಾನಾಗಿ ತಿರುಚಿದ ತಾರೀಕು, ಇವನ್ನೆಲ್ಲ ಅಪ್‌ಲೋಡ್ ಆಗುವಾಗಲೇ ತಡೆಯಬಹುದು.

ಹೆಸರಿನ ತೊಡಕು ಇನ್ನೂ ಆಳದ್ದು. ಬುಫೊ ಮೆಲನೊಸ್ಟಿಕ್ಟಸ್ ಎಂದು ಕರೆಯುತ್ತಿದ್ದ ನೆಲಗಪ್ಪೆ 2006ರ ಮರುವರ್ಗೀಕರಣದ ನಂತರ ಡಟ್ಟಾಫ್ರೈನಸ್ ಆಯಿತು. ಕಾನೂನಿನ ಅನುಸೂಚಿಗಳು ಇಷ್ಟು ಬೇಗ ಬದಲಾಗುವುದಿಲ್ಲ. ಹೊಸ ಹೆಸರಿನಲ್ಲಿ ಹುಡುಕಿದ ಅಧಿಕಾರಿಗೆ ಸಂರಕ್ಷಿತ ಪ್ರಾಣಿಯೂ ಪಟ್ಟಿಯಲ್ಲಿ ಸಿಗದೇ ಹೋಗಬಹುದು. ಸಂಗ್ರಹಿಸಿದವರು ಬರೆದ ಹೆಸರು, ಇಂದಿನ ಮಾನ್ಯ ಹೆಸರು, ಅನುಸೂಚಿಯ ಹೆಸರು, ಮೂರನ್ನೂ ಬೇರೆಬೇರೆ ಕಾಲಂಗಳಲ್ಲಿಟ್ಟು ಒಂದೇ ಗುರುತುಸಂಖ್ಯೆಗೆ ಕಟ್ಟಬೇಕು.

ದತ್ತಾಂಶ ಬಳಕೆಯ ಪರವಾನಗಿ ಸಣ್ಣ ವಿಷಯವೆಂದು ಕೊನೆಗೆ ತಳ್ಳುವುದು ರೂಢಿ. ವಾಣಿಜ್ಯೇತರ ಬಳಕೆಗೆ ಮಾತ್ರ ಎಂದು ಬಿಡುಗಡೆಯಾದ ದತ್ತಾಂಶವನ್ನು ಪರಿಸರ ಪರಿಣಾಮ ವರದಿ ಬರೆಯುವ ಸಲಹಾ ಕಂಪನಿ ಮುಟ್ಟಲು ಹಿಂಜರಿಯುತ್ತದೆ. ಅತ್ಯಗತ್ಯವಾದ ಜಾಗಕ್ಕೇ ಅದು ತಲುಪುವುದಿಲ್ಲ. ಕಳ್ಳಬೇಟೆಯ ಭಯವಿರುವ ಪ್ರಭೇದಗಳ ಮಾತು ಬೇರೆ: ಹೊರಗೆ 0.1 ಡಿಗ್ರಿಗೆ, ಅಂದರೆ ಸಮಭಾಜಕದ ಬಳಿ ಸುಮಾರು 11 ಕಿಲೋಮೀಟರಿಗೆ, ಮಸುಕು ಮಾಡಿ ತೋರಿಸಿ. ನಿಖರ ಸ್ಥಳ ಒಳಗಿರಲಿ. ಮಾರ್ಗದ ನಕ್ಷೆ ಕೊಟ್ಟವರಿಗೆ "ಇಲ್ಲಿ ಸೂಕ್ಷ್ಮ ಪ್ರಭೇದವಿದೆ, ಮಾತನಾಡಿ" ಎಂಬ ಉತ್ತರ ಹೋದರೆ ಸಾಕು.

ಆಡಳಿತಕ್ಕೆ ಕಳಿಸುವ ಟಿಪ್ಪಣಿ ಎರಡು ಪುಟ ಮೀರಬಾರದು. ಪ್ರತಿ ವಾಕ್ಯದ ಪಕ್ಕ ಅದನ್ನೆಷ್ಟು ನಂಬಬಹುದು ಎಂಬುದಿರಬೇಕು. ಜೀವವೈವಿಧ್ಯದ ವಿಜ್ಞಾನವನ್ನು ಸರ್ಕಾರಗಳಿಗೆ ತಲುಪಿಸಲು 2012ರಲ್ಲಿ ಸ್ಥಾಪನೆಯಾದ ಅಂತರಸರ್ಕಾರಿ ವೇದಿಕೆ ಐಪಿಬಿಇಎಸ್ ಬಳಸುವ ನಾಲ್ಕು ದರ್ಜೆಗಳು ಸಭೆಯಲ್ಲೂ ಕೆಲಸಕ್ಕೆ ಬರುತ್ತವೆ: ಸಾಕ್ಷ್ಯವೂ ಒಮ್ಮತವೂ ಗಟ್ಟಿ; ಒಮ್ಮತವಿದೆ, ಸಾಕ್ಷ್ಯ ಅಪೂರ್ಣ; ಸಾಕ್ಷ್ಯ ಸಾಕಷ್ಟಿದೆ, ಒಮ್ಮತವಿಲ್ಲ; ಎರಡೂ ಸಾಲದು. ದಕ್ಷಿಣ ಆಫ್ರಿಕಾದವರು ಇನ್ನೊಂದು ಹೆಜ್ಜೆ ಮುಂದಿದ್ದಾರೆ. ಅವರ ಮಹತ್ವದ ಜೀವವೈವಿಧ್ಯ ಪ್ರದೇಶಗಳ ನಕ್ಷೆಯ ಜೊತೆಗೇ ಯಾವ ವರ್ಗದ ಜಾಗದಲ್ಲಿ ಯಾವ ಭೂಬಳಕೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬ ಮಾರ್ಗಸೂಚಿ ಬರುತ್ತದೆ. ಯೋಜನಾಧಿಕಾರಿಗೆ ಬೇಕಾದದ್ದು ಅದೇ. ಪ್ರಭೇದಗಳ ಉದ್ದನೆಯ ಪಟ್ಟಿ ಅವರ ಮೇಜಿನ ಮೇಲೆ ಧೂಳು ತಿನ್ನುತ್ತದೆ.

ಕಾಡು ಸುತ್ತುವ ಗಾರ್ಡ್, ಮೀನುಗಾರ, ರೈತ ಕೊಟ್ಟ ಮಾಹಿತಿಗೆ ಏನಾಯಿತೆಂದು ಅವರಿಗೆ ತಿರುಗಿ ಹೇಳುವ ಏರ್ಪಾಡು ಮೊದಲ ವಿನ್ಯಾಸದಲ್ಲೇ ಇರಬೇಕು. ದತ್ತಾಂಶ ಕೇಳಿ ಬರುವ ಪ್ರತಿ ಕೋರಿಕೆಗೂ "ಯಾವ ತೀರ್ಮಾನಕ್ಕೆ ಬಳಕೆಯಾಯಿತು" ಎಂಬ ಕಾಲಂ ಇಟ್ಟರೆ ಈ ಕೆಲಸ ಸಲೀಸು. ಸಾಂಪ್ರದಾಯಿಕ ಜ್ಞಾನವಾದರೆ ಸಮುದಾಯದ ಪೂರ್ವಾನುಮತಿ ಮೊದಲು. 2022ರ ಕುನ್ಮಿಂಗ್–ಮಾಂಟ್ರಿಯಲ್ ಜಾಗತಿಕ ಜೀವವೈವಿಧ್ಯ ಚೌಕಟ್ಟಿನ 21ನೇ ಗುರಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ.

ಇಷ್ಟೆಲ್ಲ ಕಾಲಂಗಳನ್ನು ನೋಡಿಕೊಳ್ಳುವವರು ಯಾರು ಎಂದು ಬಜೆಟ್ ಬರೆಯುವವರು ಕೇಳುವುದೇ ಇಲ್ಲ. ಸರ್ವರಿಗೆ, ಆ್ಯಪ್‌ಗೆ, ಉದ್ಘಾಟನೆಗೆ ಹಣ ಸಿಗುತ್ತದೆ. ದತ್ತಾಂಶ ಸಂಪಾದಕರ ಸಂಬಳ ಯೋಜನೆ ಮುಗಿದ ದಿನವೇ ನಿಲ್ಲುತ್ತದೆ. ಹೆಸರುಗಳು ಬದಲಾಗುತ್ತಲೇ ಇರುತ್ತವೆ, ಹೊಸ ಸಮೀಕ್ಷೆಗಳು ಬರುತ್ತಲೇ ಇರುತ್ತವೆ. ವರ್ಗೀಕರಣ ಬಲ್ಲ ಒಬ್ಬರು, ಇಲಾಖೆಗಳ ಕಡತದ ನಡೆ ಬಲ್ಲ ಒಬ್ಬರು, ಈ ಎರಡು ಖಾಯಂ ಹುದ್ದೆಗಳು ಮಂಜೂರಾಗುವ ಮೊದಲು ಸಾಫ್ಟ್‌ವೇರಿನ ಟೆಂಡರ್ ಕರೆಯಬೇಡಿ.